ಕಪ್ಪು ಬೋರ್ಡಿನ ಕಾರಿಗೆ ಎಷ್ಟು ವಿಮೆ?

ರಾತ್ರಿ ಹನ್ನೊಂದೂಕಾಲು. ದುಡ್ಡು ಕಟ್ಟುವ ಪುಟದವರೆಗೆ ಬಂದಾಗಿತ್ತು. ಮೂರು ದಿನಕ್ಕೆ ಏಳು ಸೀಟಿನ ಎರ್ಟಿಗಾ, ಬಾಡಿಗೆ 9,600 ರೂಪಾಯಿ, ವಾಪಸು ಬರುವ ಡಿಪಾಸಿಟ್ 5,000. ಅದರ ಕೆಳಗೆ ಮೂರು ಚೌಕ. ಮೊದಲನೆಯದಕ್ಕೆ ಏನೂ ಕೊಡಬೇಕಿಲ್ಲ, ಆದರೆ ಕಾರಿಗೆ ಏನಾದರೂ ಆದರೆ 50,000 ರೂಪಾಯಿವರೆಗೆ ನಮ್ಮ ತಲೆಗೆ. ಎರಡನೆಯದಕ್ಕೆ ದಿನಕ್ಕೆ 390. ತಲೆಗೆ ಬರುವುದು ಹೆಚ್ಚೆಂದರೆ 10,000. ಮೂರನೆಯದಕ್ಕೆ ದಿನಕ್ಕೆ 690. ಏನೇ ಆದರೂ ಒಂದು ಸಾವಿರ ಕೊಟ್ಟು ಕೈತೊಳೆದುಕೊಳ್ಳಬಹುದು. ಮೂರನೆಯದರ ಮೇಲೆ ಹಸಿರು ಪಟ್ಟಿ, ‘ನೆಮ್ಮದಿಯ ಪ್ರಯಾಣ’ ಅಂತ. ಪಕ್ಕದಲ್ಲಿ ಹಿಂದಕ್ಕೆ ಓಡುವ ಗಡಿಯಾರ: ಈ ದರ ಇನ್ನು ಒಂಬತ್ತು ನಿಮಿಷ ಮಾತ್ರ.

“ದೊಡ್ಡದನ್ನೇ ಹಾಕಿಬಿಡು ಮಾರಾಯ್ತಿ, ಮಲಗೋಣ” ಅಂದರು ನಮ್ಮವರು.

ನಾನು ಕೈಕಟ್ಟಿ ಕೂತೆ. ಒಂಬತ್ತು ನಿಮಿಷ ಮುಗಿಯಿತು. ಪುಟ ಮತ್ತೆ ತೆರೆದೆ. ಅದೇ ದರ, ಹೊಸ ಒಂಬತ್ತು ನಿಮಿಷ. ಅಲ್ಲಿಗೆ ನನ್ನ ಅವಸರವೂ ಮುಗಿಯಿತು. ಫೋನ್ ಚಾರ್ಜಿಗೆ ಹಾಕಿ ಮಲಗಿದೆ.

ವಿಷಯ ಇಷ್ಟು. ಅತ್ತೆಯ ಅಣ್ಣನಿಗೆ (ನಮಗೆ ಮಾವ) ಎಂಬತ್ತರ ಶಾಂತಿ. ಕಳಸದಿಂದ ಆಚೆ ಅವರ ತೋಟದ ಮನೆ. ತಿಂಗಳು ಶ್ರಾವಣ, ಅಂದರೆ ಮಲೆನಾಡಿನಲ್ಲಿ ಮಳೆ ಇನ್ನೂ ಸೆರಗು ಬಿಗಿದುಕೊಂಡೇ ಇರುವ ಕಾಲ. ಹೊರಡುವವರು ಆರು ಜನ. ನಮ್ಮ ಹಳೆಯ ಆಲ್ಟೊಗೆ ಆರು ಜನವೂ ಹಿಡಿಸುವುದಿಲ್ಲ, ಆ ಘಟ್ಟವೂ ಹಿಡಿಸುವುದಿಲ್ಲ. ಡ್ರೈವರ್ ಸಮೇತ ಟ್ಯಾಕ್ಸಿ ಮಾಡಿದರೆ ಎರಡು ರಾತ್ರಿ ಅವರ ಊಟ, ವಸತಿ, ಬಾಟಾ. ಜತೆಗೆ ಅತ್ತೆಗೆ ಗೊತ್ತಿಲ್ಲದವರು ಓಡಿಸಿದರೆ ಬಾಣಾವರದಿಂದ ಬಾಬಾಬುಡನ್‌ಗಿರಿವರೆಗೆ ಎಲ್ಲ ದೇವರೂ ನೆನಪಾಗುತ್ತಾರೆ. ಹದಿನಾರು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ಆದ್ದರಿಂದ ಸೆಲ್ಫ್ ಡ್ರೈವ್.

ಮರುದಿನ ಸಲಹೆಗಳು ಬರತೊಡಗಿದವು. ಮೊದಲನೆಯದು ಅಮೆರಿಕದಿಂದ, ಫ್ರೀಮಾಂಟಿನಲ್ಲಿರುವ ತಮ್ಮನಿಂದ. “ಅಕ್ಕಾ, ಯಾವತ್ತೂ ತಗೋಬೇಡ. ನಾನು ಕೌಂಟರಿನಲ್ಲಿ ಎಲ್ಲದಕ್ಕೂ ನೋ ಅಂತೀನಿ.” ಅವನ ಮಟ್ಟಿಗೆ ಅದು ಸರಿಯೇ. ಅಲ್ಲಿ ಸ್ವಂತ ಕಾರಿಗೆ ಮಾಡಿಸಿದ ಪಾಲಿಸಿ ಸಾಮಾನ್ಯವಾಗಿ ಬಾಡಿಗೆ ಕಾರು ಹತ್ತಿದಾಗಲೂ ಹಿಂದೆ ಬರುತ್ತದೆ. ಮೇಲಾಗಿ ಹಲವು ಕ್ರೆಡಿಟ್ ಕಾರ್ಡುಗಳು, ಬಾಡಿಗೆಯನ್ನು ಅದೇ ಕಾರ್ಡಿನಲ್ಲಿ ಕಟ್ಟಿ ಕೌಂಟರಿನವರು ಮಾರುವ ವೇವರ್ (ಜಖಂ ದುಡ್ಡು ವಸೂಲಿ ಮಾಡುವುದಿಲ್ಲ ಎಂಬ ಯೋಜನೆ) ಬೇಡ ಅಂದರೆ, ಕಾರಿನ ಜಖಂ ಖರ್ಚನ್ನು ಹೊರುತ್ತವೆ. ಇನ್ನೊಬ್ಬರಿಗೆ ಆದ ಗಾಯ, ನಷ್ಟ ಮಾತ್ರ ಆ ಕಾರ್ಡಿನ ಬಾಬತ್ತಲ್ಲ. ನಮ್ಮಲ್ಲಿ ಹಾಗಲ್ಲ. ನನ್ನ ಆಲ್ಟೊ ಪಾಲಿಸಿ ಆಲ್ಟೊಗೆ ಅಂಟಿಕೊಂಡಿದೆ, ನನಗಲ್ಲ. ನಾನು ಬೇರೆ ಕಾರಿನ ಸ್ಟೀರಿಂಗ್ ಹಿಡಿದ ಕ್ಷಣ ಅದು ಮನೆಯಲ್ಲೇ ಉಳಿಯುತ್ತದೆ. ತಮ್ಮನಿಗೆ ಇದನ್ನು ಹೇಳಿದರೆ “ಹಾಗಾದರೆ ನಿಮ್ಮ ಸಿಸ್ಟಮ್ಮೇ ಸರಿಯಿಲ್ಲ” ಅಂದ. ಹನ್ನೆರಡು ವರ್ಷದಲ್ಲಿ ‘ನಮ್ಮ’ ಹೋಗಿ ‘ನಿಮ್ಮ’ ಆಗಿದೆ, ಇರಲಿ.

ಎರಡನೆಯ ಸಲಹೆ ನಮ್ಮವರ ಆಫೀಸಿನಿಂದ. ಸಹೋದ್ಯೋಗಿಯೊಬ್ಬರ ಇನ್ನೋವಾ ಶೆಡ್ಡಿನಲ್ಲಿ ನಿಂತೇ ಇರುತ್ತದಂತೆ, ದಿನಕ್ಕೆ ಎರಡು ಸಾವಿರ ಕೈಗೆ ಕೊಟ್ಟರೆ ಆಯಿತು, ಕಾಗದಪತ್ರದ ರಗಳೆ ಇಲ್ಲ. ಅಗ್ಗ, ದೊಡ್ಡ ಗಾಡಿ, ಗೊತ್ತಿದ್ದವರು. ನಾನೂ ಅರ್ಧ ಒಪ್ಪಿದ್ದೆ. ಆದರೆ ಅದು ವೈಟ್ ಬೋರ್ಡ್. ಟ್ಯಾಕ್ಸಿಗೆ ಹಳದಿ ಹಲಗೆ ಮೇಲೆ ಕಪ್ಪು ಅಕ್ಷರ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಹಲಗೆ ಮೇಲೆ ಹಳದಿ ಅಕ್ಷರ. ಸ್ವಂತ ಬಳಕೆಯ ಬಿಳಿ ಹಲಗೆಯ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಕೊಡುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ನನ್ನ ಆಲ್ಟೊ ಪಾಲಿಸಿ ತೆಗೆದು ನೋಡಿದೆ, ಎರಡನೇ ಪುಟದಲ್ಲೇ ಇದೆ. ದುಡ್ಡು ಕೊಟ್ಟು ಒಯ್ದಿದ್ದೆಂದು ಗೊತ್ತಾದರೆ ಕಂಪನಿ ಕ್ಲೇಮು ತಳ್ಳಿಹಾಕಬಹುದು. ಆಗ ಒಂದೋ ಸುಳ್ಳು ಹೇಳಬೇಕು, ಇಲ್ಲ ಗೆಳೆತನ ಕಳೆದುಕೊಳ್ಳಬೇಕು. ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತಂತೆ.

ಇಷ್ಟಾದ ಮೇಲೆ ಬಾಡಿಗೆ ಕಂಪನಿಯವರಿಗೇ ಫೋನ್ ಮಾಡಿದೆ. ಹುಡುಗಿ ಒಳ್ಳೆಯ ಕನ್ನಡದಲ್ಲಿ ಮಾತಾಡಿದಳು.

“ಈ ಆರುನೂರ ತೊಂಬತ್ತರದ್ದು ಇನ್ಶೂರೆನ್ಸಾ?”

“ಡ್ಯಾಮೇಜ್ ಪ್ರೊಟೆಕ್ಷನ್ ಮೇಡಂ.”

“ಪಾಲಿಸಿ ನಂಬರ್ ಬರುತ್ತಾ?”

“ಇಲ್ಲ ಮೇಡಂ, ಬುಕಿಂಗ್ ಐಡಿ ಬರುತ್ತೆ.”

“ಅಂದರೆ ಕಾರಿಗೆ ಇನ್ಶೂರೆನ್ಸ್ ಇಲ್ವಾ?”

“ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ ಮೇಡಂ. ಇದು ನಿಮಗೆ.”

ಆ ‘ನಿಮಗೆ’ ಎನ್ನುವುದರಲ್ಲೇ ಗುಟ್ಟಿತ್ತು. ನಾನು ಕಾಲೇಜೊಂದರ ಲೆಕ್ಕಪತ್ರ ವಿಭಾಗದವಳು, ಎರಡು ಖಾತೆ ಒಂದಕ್ಕೊಂದು ಬೆರೆತರೆ ನಿದ್ದೆ ಬರುವುದಿಲ್ಲ. ಕಾರಿನ ವಿಮೆ ಬಾಡಿಗೆ ಕಂಪನಿಯದು. ನಮಗೆ ಮಾರುತ್ತಿರುವುದು ವಿಮೆಯಲ್ಲ, ‘ಇಷ್ಟಕ್ಕಿಂತ ಹೆಚ್ಚು ನಿಮ್ಮಿಂದ ವಸೂಲಿ ಮಾಡುವುದಿಲ್ಲ’ ಎಂಬ ಮಾತು. ಹಾಗಾದರೆ ಫುಲ್ ಇನ್ಶೂರೆನ್ಸ್ ಇರುವ ಕಾರಿಗೆ ನಮ್ಮಿಂದ ವಸೂಲಿ ಯಾಕೆ?

ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಗ್ಯಾರೇಜಿನಲ್ಲಿ. ಬಸವೇಶ್ವರನಗರದ ಹಿಂದಿನ ಬೀದಿಯಲ್ಲಿ ಟಿಂಕರಿಂಗ್ ಮಾಡುವ ಇವರು ನನ್ನ ಎರಡು ಡೆಂಟುಗಳನ್ನೂ ತೆಗೆದವರು. ಒಂದು ಕಾರಿನ ಬಾಗಿಲಿಗೆ ಪುಟ್ಟಿ ಹಚ್ಚುತ್ತಾ ಹೇಳಿದರು: “ಅಕ್ಕಾ, ಫುಲ್ ಅಂದ್ರೆ ಫುಲ್ ಅಲ್ಲ. ಬಂಪರ್ ಪ್ಲಾಸ್ಟಿಕ್ಕು. ಬಂಪರ್ ಟು ಬಂಪರ್ ಮಾಡಿಸದೇ ಇದ್ರೆ ಪ್ಲಾಸ್ಟಿಕ್ಕು, ರಬ್ಬರಿಗೆ ಅರ್ಧ ದುಡ್ಡೇ. ಗಾಜಿಗೆ ಪೂರ್ತಿ ಕೊಡ್ತಾರೆ. ತಗಡಿಗೆ ಗಾಡಿ ವಯಸ್ಸು ನೋಡಿ ಮುರ್ಕೋತಾರೆ. ಅದರ ಮೇಲೆ ಫೈಲ್ ಚಾರ್ಜು. ಒಂದ್ಸಲ ಕ್ಲೇಮ್ ಮಾಡಿದ್ರೆ ಮುಂದಿನ ವರ್ಷ ಬೋನಸ್ಸೂ ಹೋಯ್ತು. ನಾಕೈದು ಸಾವಿರದ ಕೆಲಸಕ್ಕೆ ಯಾವ ಓನರ್ ಕ್ಲೇಮ್ ಮಾಡ್ತಾನೆ? ಗಿರಾಕಿ ಹತ್ರ ತಗೊಂಡ್ರೆ ಸಲೀಸು.”

‘ಬಂಪರ್ ಟು ಬಂಪರ್’ ಅಂದರೆ ಸವಕಳಿ ಮುರಿದುಕೊಳ್ಳದ ಪಾಲಿಸಿ. ಅವರು ‘ಫೈಲ್ ಚಾರ್ಜ್’ ಅಂದಿದ್ದು ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಕಡ್ಡಾಯವಾಗಿ ಹೊರಬೇಕಾದ ಭಾಗವನ್ನು. ಖಾಸಗಿ ಕಾರಾದರೆ 1,500 ಸಿಸಿವರೆಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಬೋನಸ್ ಅಂದರೆ ನೋ ಕ್ಲೇಮ್ ಬೋನಸ್: ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಏರುವ ರಿಯಾಯಿತಿ, ಒಂದೇ ಕ್ಲೇಮಿಗೆ ಸೊನ್ನೆ. ಸಣ್ಣಪುಟ್ಟ ಗೀರು ವಿಮಾ ಕಂಪನಿಯವರೆಗೆ ಹೋಗುವುದೇ ಇಲ್ಲ, ನಮ್ಮ ಡಿಪಾಸಿಟ್ಟಿನಲ್ಲೇ ಇತ್ಯರ್ಥ ಅನ್ನುವುದು ಅಲ್ಲಿಗೆ ಅರ್ಥವಾಯಿತು.

ಆ ರಾತ್ರಿ ಷರತ್ತುಗಳನ್ನು ಓದಲು ಕೂತೆ. ಫೋನಿನಲ್ಲಿ ಓದಲಾಗದೆ ಆಫೀಸಿನಲ್ಲಿ ಪ್ರಿಂಟ್ ತೆಗೆದಿದ್ದೆ, ಹದಿನಾಲ್ಕು ಹಾಳೆ. ಮೂರೂ ಯೋಜನೆಗೆ ಹೊರಗಿಟ್ಟವುಗಳ ಪಟ್ಟಿ ಒಂಬತ್ತನೆಯ ಹಾಳೆಯಲ್ಲಿ. ಟೈರು, ರಿಮ್ಮು. ಕಾರಿನ ತಳ. ಸೀಟಿನ ಕಲೆ. ಕೀಲಿ ಕಳೆದರೆ. ಎಂಜಿನ್‌ಗೆ ನೀರು ನುಗ್ಗಿದರೆ. ಹೆಸರು ಕೊಡದವರು ಓಡಿಸಿದ್ದರೆ. ಕುಡಿದಿದ್ದರೆ. ಇಪ್ಪತ್ನಾಲ್ಕು ಗಂಟೆಯೊಳಗೆ ಫೋಟೊ ಸಮೇತ ತಿಳಿಸದಿದ್ದರೆ.

ಪೆನ್ಸಿಲ್ ಹಿಡಿದು ನಮ್ಮ ದಾರಿ ನೆನಪಿಸಿಕೊಂಡೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದವರೆಗೆ ಹೆದ್ದಾರಿ, ತೊಂದರೆಯಿಲ್ಲ. ಬೇಲೂರು, ಮೂಡಿಗೆರೆ, ಸರಿ. ಕೊಟ್ಟಿಗೆಹಾರದಿಂದ ಕಳಸದ ಕಡೆ ತಿರುಗಿದ ಮೇಲೆ ಮಂಜು, ತಿರುವು, ಕಿತ್ತ ಟಾರು. ಕೊನೆಗೆ ಮಾವನ ತೋಟಕ್ಕೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಹುಲ್ಲು ಬೆಳೆದ ಎರಡು ಚಕ್ರದ ಗೆರೆ, ಅದರಲ್ಲಿ ಮುಷ್ಟಿಗಾತ್ರದ ಜಲ್ಲಿ. ಅಲ್ಲಿ ಆಗುವುದಾದರೆ ಏನಾಗುತ್ತದೆ? ಟೈರ್ ಹರಿಯುತ್ತದೆ. ತಳ ಉಜ್ಜುತ್ತದೆ. ಮರುದಿನ ಹೊರನಾಡಿಗೆ ಹೋಗಲೇಬೇಕು ಅಂತ ಅತ್ತೆಯ ಹಟ. ಆ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗೆಲ್ಲ ಮುಳುಗುತ್ತದೆ; ಮೇಲೆ ಒಂದಡಿ ನೀರಷ್ಟೇ ಅಂತ ಇಳಿಸಿದರೆ ಎಂಜಿನ್ ಕುಡಿಯುತ್ತದೆ. ಇಷ್ಟರಲ್ಲಿ ಒಂದಕ್ಕೂ 690ರ ನೆಮ್ಮದಿ ಅನ್ವಯಿಸುವುದಿಲ್ಲ. ನಮಗೆ ಆಗಬಹುದಾದ್ದೆಲ್ಲ ಆ ಒಂಬತ್ತನೆಯ ಹಾಳೆಯಲ್ಲಿತ್ತು.

ಇನ್ನೊಂದು ಚಿಂತೆ ದುಡ್ಡಿನದಲ್ಲ. ವಕೀಲರಾದ ಭಾವನಿಗೆ (ಅಕ್ಕನ ಗಂಡ) ಫೋನ್ ಮಾಡಿ, ನನ್ನಿಂದ ಬೇರೆಯವರಿಗೆ ಏನಾದರೂ ಆದರೆ ಏನು ಗತಿ ಅಂತ ಕೇಳಿದೆ. ಅದಕ್ಕೆ ಥರ್ಡ್ ಪಾರ್ಟಿ ವಿಮೆ ಇದ್ದೇ ಇರಬೇಕು ಅಂದರು; 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಅದಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. “ಅದು ಚಾಲ್ತಿಯಲ್ಲಿದೆಯಾ ಅಂತ ನಂಬರ್ ಹಾಕಿ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡ್ಕೋ. ಅದಕ್ಕಿಂತ ನಿನ್ನದೇ ಕಷ್ಟ ಮಾರಾಯ್ತಿ” ಅಂದರು. ಎರವಲು ತಂದ ಗಾಡಿ ಓಡಿಸುವವರು ಮಾಲೀಕನ ಜಾಗದಲ್ಲೇ ನಿಂತಂತೆ, ಅವರು ಮೂರನೆಯವರಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನಮ್ಮ ಕರ್ನಾಟಕದ್ದೇ ಪ್ರಕರಣ, ಎರವಲು ಬೈಕು, ಮುಂದೆ ಹೋಗುತ್ತಿದ್ದ ಎತ್ತಿನಗಾಡಿ. ಅಂದರೆ ನನ್ನದೇ ತಪ್ಪಿನಿಂದ ನನಗೇ ಏನಾದರೂ ಆದರೆ ಆ ಕಾರಿನ ಥರ್ಡ್ ಪಾರ್ಟಿ ವಿಮೆಯಿಂದ ನನ್ನ ಮನೆಯವರಿಗೆ ಸಿಗುವುದು ಏನೂ ಇಲ್ಲ. ಮಾಲೀಕ-ಚಾಲಕನಿಗೆಂದು 15 ಲಕ್ಷದ ಅಪಘಾತ ವಿಮೆ ಇರುವುದು ಮಾಲೀಕನ ಹೆಸರಿಗೆ.

ಕಾರಿನ ಬಂಪರಿಗೆ ಮೂರು ಯೋಜನೆ, ಓಡಿಸುವವಳಿಗೆ ಒಂದೂ ಇಲ್ಲ! ಪಾಸ್‌ಬುಕ್ ತೆಗೆದು ನೋಡಿದೆ. ಮೇ ತಿಂಗಳ ಕೊನೆಯಲ್ಲಿ 20 ರೂಪಾಯಿ ಕಡಿತ: ಪ್ರಧಾನಮಂತ್ರಿ ಸುರಕ್ಷಾ ಬಿಮಾ, ವರ್ಷಕ್ಕೆ 20 ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ. ಯಾವ ಗಾಡಿ, ಯಾರ ಗಾಡಿ ಅಂತ ಅದು ಕೇಳುವುದಿಲ್ಲ. ನಮ್ಮವರ ಖಾತೆಯಲ್ಲಿ ಅದು ಇರಲಿಲ್ಲ, ಮರುದಿನವೇ ಬ್ಯಾಂಕಿಗೆ ಕಳಿಸಿದೆ.

ಇನ್ನು ಉಳಿದದ್ದು ಲೆಕ್ಕ. ಮೊದಲನೆಯ ಚೌಕದಿಂದ ಎರಡನೆಯದಕ್ಕೆ ಹೋಗಲು ಮೂರು ದಿನಕ್ಕೆ 1,170. ಅದರಿಂದ 50,000ದ ಭಯ 10,000ಕ್ಕೆ ಇಳಿಯುತ್ತದೆ. 50,000 ಅಂದರೆ ನಮ್ಮ ಚೀಟಿ ಎತ್ತಿದ ದುಡ್ಡು, ಮಗಳ ಮುಂದಿನ ಸೆಮಿಸ್ಟರ್ ಫೀಸು. 10,000 ಹೋದರೆ ಎರಡು ತಿಂಗಳು ಮುಖ ಸಿಂಡರಿಸಿಕೊಂಡು ಬದುಕಬಹುದು. ಎರಡನೆಯದರಿಂದ ಮೂರನೆಯದಕ್ಕೆ ಇನ್ನೂ 900. ಅದು ಉಳಿಸುವುದು ಹೆಚ್ಚೆಂದರೆ 9,000. ಪ್ರತಿ ಹತ್ತು ಪ್ರಯಾಣದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಾನು ಪೂರ್ತಿ ಹತ್ತು ಸಾವಿರದ ಜಖಂ ಮಾಡಿಕೊಳ್ಳುವವಳಾದರೆ ಮಾತ್ರ ಅದು ಗಿಟ್ಟುತ್ತದೆ. ಹದಿನಾರು ವರ್ಷಕ್ಕೆ ನನ್ನದು ಎರಡು ಡೆಂಟು. ನಡುವಿನ ಚೌಕಕ್ಕೆ ಟಿಕ್ ಹಾಕಿದೆ. ಉಳಿದ 900ರಲ್ಲಿ ಮಾವನಿಗೆ ಶಾಲು ತಗೊಂಡೆ.

ಒಂಬತ್ತನೆಯ ಹಾಳೆಗೆ ಬೇರೆಯೇ ಉಪಾಯ ಮಾಡಿದೆ. ಕಾರನ್ನು ಟಾರು ರಸ್ತೆಯ ಪಕ್ಕದ ನ್ಯಾಯಬೆಲೆ ಅಂಗಡಿಯ ಅಂಗಳದಲ್ಲೇ ಬಿಡುವುದು, ಅಲ್ಲಿಂದ ತೋಟಕ್ಕೆ ಮಾವನ ಮಗ ಪಿಕಪ್ ತರುವುದು. ಹೆಬ್ಬಾಳೆಯಲ್ಲಿ ನೀರು ಬಂದಿದ್ದರೆ ಹೊರನಾಡಿಗೆ ಮನೆಯಿಂದಲೇ ಕೈಮುಗಿಯುವುದು. ಅತ್ತೆ ಇದಕ್ಕೆ “ನೋಡೋಣ” ಅಂದರು. ಅವರ ನಿಘಂಟಿನಲ್ಲಿ ಅದಕ್ಕೆ ‘ಇಲ್ಲ’ ಅಂತ ಅರ್ಥ.

ಕಾರು ತೆಗೆದುಕೊಳ್ಳುವಾಗ ನಾನು ಯಾರ ಮುಲಾಜೂ ನೋಡಲಿಲ್ಲ. ಯಾರ್ಡಿನ ಹುಡುಗ ಕೀಲಿ ಕೊಟ್ಟು “ಸೈನ್ ಮಾಡಿ ಮೇಡಂ, ಎಲ್ಲ ಓಕೆ” ಅಂದ. ನಾನು ಫೋನ್ ತೆಗೆದು ನಂಬರ್ ಪ್ಲೇಟಿನಿಂದ ಶುರುಮಾಡಿ ಸುತ್ತ ಒಂದು ಪ್ರದಕ್ಷಿಣೆ ವಿಡಿಯೊ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಹಿಂದಿನ ಬಂಪರ್ ಒರೆಸಿದರೆ ಎಡಮೂಲೆಯಲ್ಲಿ ಗೇಣುದ್ದದ ಹಳೆ ಗೀರು, ಅದರ ಮೇಲೆ ಯಾರೋ ಕಪ್ಪು ಮಾರ್ಕರ್ ತಿದ್ದಿದ್ದರು. ಬೆರಳಿಗೆ ಮಾರ್ಕರ್ ಬಣ್ಣ ಹತ್ತಿತು. ಅದನ್ನೂ ವಿಡಿಯೊದಲ್ಲಿ ತೋರಿಸಿದೆ, ಬೆರಳನ್ನೂ. ಟೈರಿನ ಗ್ರಿಪ್ಪಿನ ಸಂದಿಯಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲಿಸಿ ಎಷ್ಟು ಸವೆದಿದೆ ನೋಡಿದೆ, ಸ್ಟೆಪ್ನಿ ಒತ್ತಿದೆ, ಜಾಕಿ ಇದೆಯಾ ನೋಡಿದೆ. ಹುಡುಗ “ನೀವು ಆರ್‌ಟಿಓನಾ ಮೇಡಂ?” ಅಂದ.

ದಾರಿಯ ವರ್ಣನೆ ಬೇಡ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು, ಮಂಜಿನಲ್ಲಿ ಇಂಡಿಕೇಟರ್ ಹಾಕಿಕೊಂಡು ಹೋದೆವು, ಸಂಜೆ ಐದಕ್ಕೆ ಒಂದು ಗೀರೂ ಇಲ್ಲದೆ ನ್ಯಾಯಬೆಲೆ ಅಂಗಡಿಯ ಅಂಗಳ ಮುಟ್ಟಿದೆವು. ಜಡಿಮಳೆ. ಕಾರನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ ಕೊಡೆ ಬಿಚ್ಚಿ ಇಳಿದೆ. ಅಷ್ಟರಲ್ಲಿ ದೊಡ್ಡ ಭಾವ, ಅಂದರೆ ಮಾವನ ಮಗ, ಪಿಕಪ್ ತಂದರು. ಲಗೇಜು ನೆನೆಯಬಾರದು ಅಂತ ರಿವರ್ಸ್ ತಗೊಂಡು ಡಿಕ್ಕಿಯ ಹತ್ತಿರ ಬರತೊಡಗಿದರು. “ಬರ್ಲಿ, ಬರ್ಲಿ” ಅಂತ ನಮ್ಮವರೇ ಕೈಯಾಡಿಸಿದರು. ಕೆಸರಿನಲ್ಲಿ ಪಿಕಪ್ ಒಂದು ಮೊಳ ಜಾರಿತು. ಟಪ್ ಅಂತ ಒಂದು ಸಣ್ಣ ಸದ್ದು, ಹಪ್ಪಳ ಮುರಿದ ಹಾಗೆ.

ಬಲಮೂಲೆಯಲ್ಲಿ ಬಂಪರ್ ಸೀಳಿತ್ತು. ಕೆಂಪು ರಿಫ್ಲೆಕ್ಟರ್ ಮೂರು ಚೂರಾಗಿ ಕೆಸರಿನಲ್ಲಿ ಬಿದ್ದಿತ್ತು. ಕಾರಿನ ತಳ ಉಳಿಸಲಿಕ್ಕೆಂದು ಕರೆಸಿದ ಪಿಕಪ್ಪು!

ಭಾವ ಇಳಿದು ಬಂದು ನೋಡಿ ಮೊದಲು ಹೇಳಿದ್ದು, “ಎಂಥ ಆಗ್ಲಿಲ್ಲ ಮಾರಾಯ್ತಿ, ಬರೀ ಪ್ಲಾಸ್ಟಿಕ್ಕು.” ಗ್ಯಾರೇಜಿನವರ ಮಾತು ನೆನಪಾಯಿತು. ನನಗೆ ನಗುವೂ ಬಂತು, ಅಳುವೂ ಬಂತು. ಹತ್ತಕ್ಕೊಂದು ಅಂತ ಲೆಕ್ಕ ಹಾಕುವಾಗ ನಾನು ಗುದ್ದುವುದನ್ನು ಮಾತ್ರ ಎಣಿಸಿದ್ದೆ, ನೆಂಟರು ಗುದ್ದುವುದನ್ನು ಎಣಿಸಿರಲಿಲ್ಲ.

ಇಪ್ಪತ್ನಾಲ್ಕು ಗಂಟೆಯ ಷರತ್ತು ನೆನಪಿತ್ತು, ಆದರೆ ತೋಟದ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮರುದಿನ ಬೆಳಿಗ್ಗೆ ಹೋಮದ ಹೊಗೆ ಏಳುವ ಹೊತ್ತಿಗೆ ಭಾವನ ಮಗಳು ನನ್ನನ್ನು ಗುಡ್ಡ ಹತ್ತಿಸಿದಳು. ಮೇಲೆ ನೀರಿನ ಟ್ಯಾಂಕು, ಅದರ ಬಲಬದಿಯ ಕಲ್ಲಿನ ಮೇಲೆ ನಿಂತರೆ ಮಾತ್ರ ಎರಡು ಕಡ್ಡಿ. ರೇಷ್ಮೆ ಸೀರೆ ಎತ್ತಿ ಕಟ್ಟಿ, ಕಾಲಿಗೆ ಉಂಬಳ ಹತ್ತಿಸಿಕೊಂಡು, ಕಲ್ಲಿನ ಮೇಲೆ ನಿಂತು ಆರು ಫೋಟೊ ಕಳಿಸಿದೆ. ಆ್ಯಪಿನ ಫಾರಂ ಕೇಳಿತು: ಬೇರೆ ವಾಹನ ಇತ್ತೇ? ಇತ್ತು. ನಂಬರ್? ಪಿಕಪ್ಪಿನ ನಂಬರ್ ನನಗೆ ಗೊತ್ತಿರಲಿಲ್ಲ, ಹುಡುಗಿ ಹೇಳಿದಳು. ಕಾನೂನಿನ ಪ್ರಕಾರ ಭಾವನ ಥರ್ಡ್ ಪಾರ್ಟಿ ವಿಮೆಯಿಂದಲೇ ಈ ನಷ್ಟ ಕೇಳಬಹುದು. ಆದರೆ ಎಂಬತ್ತರ ಶಾಂತಿಯ ದಿನ ಮಾವನ ಮನೆಯವರ ಮೇಲೆ ದೂರು ಕೊಡುವ ಸೊಸೆ ಇನ್ನೂ ಹುಟ್ಟಿಲ್ಲ. ‘ನಿಂತಿದ್ದ ಕಾರಿಗೆ ಪಿಕಪ್ ತಾಗಿದೆ’ ಅಂತ ನಿಜವನ್ನೇ ಬರೆದು ಇಳಿದೆ. ಹೊರನಾಡಿಗೆ ಹೋಗಿಬಂದೆವು, ಸೇತುವೆಯ ಮೇಲೆ ನೀರಿರಲಿಲ್ಲ. ಅತ್ತೆ ಗೆದ್ದರು.

ಬೆಂಗಳೂರಿನ ಯಾರ್ಡಿನಲ್ಲಿ ಅದೇ ಹುಡುಗ. ಈ ಸಲ ಅವನೇ ಪ್ರದಕ್ಷಿಣೆ ಹಾಕಿದ. ಎರಡು ಗಂಟೆಯಲ್ಲಿ ಅಂದಾಜು ಬಂತು: ಹೊಸ ಬಂಪರ್ 6,200, ರಿಫ್ಲೆಕ್ಟರ್ 450, ಪೇಂಟ್ 3,500, ಕೂಲಿ 1,250, ಒಟ್ಟು 11,400. ನನ್ನ ಮಿತಿ 10,000 ಆದ್ದರಿಂದ 1,400 ‘ನಿಮಗೆ ಉಳಿತಾಯ’. ನಾನು ಮಾರ್ಕರ್ ಹತ್ತಿದ ಬೆರಳಿನ ವಿಡಿಯೊ ಕಳಿಸಿದೆ. ಎಡಮೂಲೆ ಮೊದಲೇ ಹೀಗಿತ್ತು, ಪೂರ್ತಿ ಬಂಪರ್ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಅಂದಾಜು ಬೇಡ, ಕೆಲಸ ಮುಗಿದ ಮೇಲೆ ವರ್ಕ್‌ಶಾಪಿನ ಬಿಲ್ ಕೊಡಿ ಅಂತ ಬರೆದೆ. ಮೂರು ಸಲ ಬರೆದೆ. ಹತ್ತನೆಯ ದಿನ ಬಿಲ್ ಬಂತು. ಬಂಪರ್ ಬದಲಾಯಿಸಿರಲೇ ಇಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದಿದ್ದರು. 5,850. ಡಿಪಾಸಿಟ್ 5,000 ಹೋಯಿತು, ಮೇಲೆ 850 ಕಟ್ಟಿದೆ.

ನಮ್ಮವರು ಕ್ಯಾಲ್ಕುಲೇಟರ್ ಹಿಡಿದು ಕೂತರು. ನಡುವಿನ ಚೌಕದಲ್ಲಿ ನಮಗೆ ಬಿದ್ದದ್ದು 1,170 ಮತ್ತು 5,850, ಅಂದರೆ 7,020. ಏನೂ ತಗೊಳ್ಳದಿದ್ದರೆ 5,850. ದೊಡ್ಡದನ್ನು ತಗೊಂಡಿದ್ದರೆ 3,070. “ಇದ್ದದ್ದರಲ್ಲಿ ಕೆಟ್ಟದ್ದನ್ನೇ ಆರಿಸಿದ್ದೀಯ” ಅಂದರು. “ಬರ್ಲಿ ಬರ್ಲಿ ಅಂದಿದ್ದು ಯಾರು ರೀ?” ಅಂದೆ. ಅಲ್ಲಿಗೆ ಕ್ಯಾಲ್ಕುಲೇಟರ್ ಡ್ರಾಯರಿಗೆ ಹೋಯಿತು. ಇನ್ನೊಂದು ಸಲ ಅದೇ ದಾರಿ, ಅದೇ ಮಳೆ ಅಂದರೂ ನಾನು ನಡುವಿನದಕ್ಕೇ ಟಿಕ್ ಹಾಕುತ್ತೇನೆ ಅನ್ನಿಸುತ್ತದೆ. ಅವರ ಮುಂದೆ ಹೇಳಿಲ್ಲ.

ಫೆಬ್ರವರಿಯಲ್ಲಿ ಕಳಸದ ಬಸ್ಸಿಗೆ ಹಾಕಿದ ಒಂದು ಗೋಣಿಚೀಲ ಬಂತು. ಒಳಗೆ ಆ ವರ್ಷದ ಕಾಳುಮೆಣಸು, ದೊಡ್ಡ ಭಾವ ಕಳಿಸಿದ್ದು. ಚೀಟಿ ಇರಲಿಲ್ಲ. ಅತ್ತೆ ತಕ್ಕಡಿ ತರಿಸಿ ತೂಗಿದರು, ಹತ್ತು ಕಿಲೋಗೆ ಸ್ವಲ್ಪ ಕಡಿಮೆ. ಪೇಪರಿನಲ್ಲಿ ಅವತ್ತಿನ ಧಾರಣೆ ಹುಡುಕಿ, ಕನ್ನಡಕ ಏರಿಸಿಕೊಂಡು, ಬೆರಳು ಮಡಿಸಿ ಲೆಕ್ಕ ಹಾಕಿದರು.

“ಬಂಪರ್ ಎಷ್ಟಕ್ಕೆ ಆಯ್ತು ಅಂದೆ?” ಅಂತ ಕೇಳಿದರು.